ಕೃತ, ಕಾರಿತ, ಅನುಮೋದಿತ: ನಾಜಿ ಯುಗದ ಚಲನಚಿತ್ರಗಳು ಮತ್ತು ಬೆಂಗಳೂರಿನ ಒಂದು ಪ್ರಸಂಗ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆಯಲ್ಲಿಯೂ, ನಾಡಿನ ಇತರ ಭಾಗಗಳಂತೆಯೇ, ಕಟ್ಟುನಿಟ್ಟಿನ ಮೇಷ್ಟರಿಗೆ ವಿದ್ಯಾರ್ಥಿಗಳು ಇಡುವ ಅಡ್ಡಹೆಸರು ‘ಹಿಟ್ಲರ್’. 1996ರಲ್ಲಿ ಮಲಯಾಳದಲ್ಲಿ, ಮರುವರ್ಷ ತೆಲುಗಿನಲ್ಲಿ ಇದೇ ಹೆಸರಿನ ಕೌಟುಂಬಿಕ ಚಿತ್ರಗಳು ತೆರೆಕಂಡವು. ಕನ್ನಡದಲ್ಲಿ ‘ಹಿಟ್ಲರ್ ಕಲ್ಯಾಣ’ ಎಂಬ ಧಾರಾವಾಹಿಯೂ ಪ್ರಸಾರವಾಯಿತು. ಸುಮಾರು 60 ಲಕ್ಷ ಯಹೂದಿಗಳ ಹತ್ಯೆಗೆ ಕಾರಣನಾದವನ ಹೆಸರು ಇಲ್ಲಿ ಸಿಡುಕು ಸ್ವಭಾವದ ಪರ್ಯಾಯಪದವಾಗಿದೆ. ಇದರಲ್ಲಿ ದುರುದ್ದೇಶವೇನೂ ಇಲ್ಲ. ಆ ದುರಂತ ಎಲ್ಲೋ ದೂರದ್ದು, ತಮಗೆ ಸಂಬಂಧಿಸಿದ್ದಲ್ಲ ಎಂಬ ಭಾವನೆಯಷ್ಟೇ ಇದರ ಹಿಂದಿದೆ. ಆ ಭಾವನೆ ಎಷ್ಟು ನಿಜ ಎಂಬುದನ್ನು ಪರಿಶೀಲಿಸಬೇಕಾಗಿದೆ.

ಹಿಂಸೆಯ ಹೊಣೆಯನ್ನು ಅಳೆಯಲು ಜೈನ ಆಚಾರಶಾಸ್ತ್ರವು ಮೂರು ಪದಗಳನ್ನು ಬಳಸುತ್ತದೆ: ಕೃತ, ಕಾರಿತ, ಅನುಮೋದಿತ. ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಸಮ್ಮತಿಸಿದ್ದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಈ ವಿಂಗಡಣೆಯಿದೆ. ಕನ್ನಡದ ಓದುಗರಿಗೆ ಇದು ಜನ್ನನ ‘ಯಶೋಧರ ಚರಿತೆ’ಯ (1209) ಮೂಲಕ ಪರಿಚಿತ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಅನೇಕ ಜನ್ಮಗಳಲ್ಲಿ ತೊಳಲುತ್ತಾರೆ. ಕೈಗೆ ನೆತ್ತರು ಅಂಟಿಲ್ಲ ಎಂಬ ಸಮಜಾಯಿಷಿಯನ್ನು ಆ ಕಾವ್ಯ ಒಪ್ಪುವುದಿಲ್ಲ. ನಾಜಿ ಯುಗವನ್ನು ಕುರಿತ ಉತ್ತಮ ಚಿತ್ರಗಳು ಒಪ್ಪದಿರುವುದೂ ಇದೇ ಸಮಜಾಯಿಷಿಯನ್ನು.

ಅಲೆನ್ ರೆನೆಯ ‘ನೈಟ್ ಅಂಡ್ ಫಾಗ್’ (1955) ಕೃತದ ದಾಖಲೆ. ಕೇವಲ 32 ನಿಮಿಷಗಳ ಈ ಚಿತ್ರದ ನಿರೂಪಣೆಯನ್ನು ಬರೆದವನು ಮೌಟ್‌ಹೌಸನ್ ಶಿಬಿರದಿಂದ ಬದುಕಿ ಬಂದ ಕವಿ ಜಾನ್ ಕೇರೊಲ್. ಶಿಬಿರಗಳ ಹಳೆಯ ಕಪ್ಪು-ಬಿಳುಪು ದೃಶ್ಯಗಳ ಪಕ್ಕದಲ್ಲಿ, ಹತ್ತು ವರ್ಷಗಳ ಅನಂತರ ಅದೇ ನೆಲದಲ್ಲಿ ಬೆಳೆದ ಹುಲ್ಲು ಬಣ್ಣದಲ್ಲಿ ಕಾಣುತ್ತದೆ. ಕೊನೆಯಲ್ಲಿ ಒಬ್ಬೊಬ್ಬರೂ ಹೊಣೆ ತಮ್ಮದಲ್ಲ ಎನ್ನುತ್ತಾರೆ. ಹಾಗಾದರೆ ಯಾರದು ಎಂಬ ಪ್ರಶ್ನೆ ಪ್ರೇಕ್ಷಕನಲ್ಲಿ ಉಳಿಯುತ್ತದೆ.

ಕಾರಿತದ ಪ್ರಶ್ನೆಯನ್ನು ಜರ್ಮನಿಯ ಮೊದಲ ಯುದ್ಧೋತ್ತರ ಚಿತ್ರವೇ ಎತ್ತಿತ್ತು. ವೋಲ್ಫ್‌ಗಾಂಗ್ ಸ್ಟೌಟ ನಿರ್ದೇಶಿಸಿದ ‘ಕೊಲೆಗಾರರು ನಮ್ಮ ನಡುವೆಯೇ ಇದ್ದಾರೆ’ (1946) ಎಂಬರ್ಥದ ಶೀರ್ಷಿಕೆಯ ಆ ಚಿತ್ರ ಪಾಳುಬಿದ್ದ ಬರ್ಲಿನ್ನಿನಲ್ಲಿ ತಯಾರಾಯಿತು. ಕ್ರಿಸ್‌ಮಸ್ ಮುನ್ನಾದಿನದಂದು ಒತ್ತೆಯಾಳುಗಳನ್ನು ಕೊಲ್ಲಲು ಆದೇಶಿಸಿದ ಸೇನಾಧಿಕಾರಿ ಈಗ ಕಾರ್ಖಾನೆಯ ಮಾಲೀಕ. ಸೈನಿಕರ ಉಕ್ಕಿನ ಶಿರಸ್ತ್ರಾಣಗಳಿಂದ ಅಡುಗೆ ಪಾತ್ರೆಗಳನ್ನು ಮಾಡಿಸುತ್ತಾನೆ. ಅವನಿಗೆ ಪಶ್ಚಾತ್ತಾಪವಿಲ್ಲ, ಒಳ್ಳೆಯ ಹಸಿವಿದೆ. ಸ್ಟ್ಯಾನ್ಲಿ ಕ್ರೇಮರನ ‘ಜಡ್ಜ್‌ಮೆಂಟ್ ಅಟ್ ನ್ಯೂರೆಂಬರ್ಗ್’ (1961) 1947ರಲ್ಲಿ ನಡೆದ ನ್ಯಾಯಾಧೀಶರ ವಿಚಾರಣೆಯನ್ನು ಆಧರಿಸಿದೆ. ಇಲ್ಲಿ ಕಟಕಟೆಯಲ್ಲಿ ನಿಂತವರು ನ್ಯಾಯಪೀಠದಲ್ಲಿ ಕುಳಿತಿದ್ದವರೇ. ಅವರ ಆಯುಧ ಲೇಖನಿ. ನಿರಪರಾಧಿಯೆಂದು ತಿಳಿದಿದ್ದೂ ಒಬ್ಬನಿಗೆ ಶಿಕ್ಷೆ ವಿಧಿಸಿದಲ್ಲಿಂದಲೇ ಮುಂದಿನ ಸರ್ವನಾಶ ಆರಂಭವಾಯಿತೆಂಬುದು ಚಿತ್ರದ ತೀರ್ಪು.

ಅನುಮೋದಿತದ ಚಿತ್ರ ಜೋನಥನ್ ಗ್ಲೇಜರನ ‘ದಿ ಝೋನ್ ಆಫ್ ಇಂಟರೆಸ್ಟ್’ (2023). ಆಶ್‌ವಿಟ್ಸ್ ಶಿಬಿರದ ಅಧಿಕಾರಿ ರುಡಾಲ್ಫ್ ಹೋಸ್‌ನ ಮನೆ ಶಿಬಿರದ ಗೋಡೆಗೆ ಹೊಂದಿಕೊಂಡಿದೆ. ಹೆಂಡತಿ ಹೂದೋಟ ಬೆಳೆಸುತ್ತಾಳೆ, ಮಕ್ಕಳು ಆಡುತ್ತಾರೆ. ಗೋಡೆಯಾಚೆಯ ಕೊಲೆಗಳು ತೆರೆಯ ಮೇಲೆ ಕಾಣುವುದಿಲ್ಲ, ಅವುಗಳ ಸದ್ದು ಮಾತ್ರ ಕೇಳುತ್ತದೆ. ಆ ಸದ್ದಿಗೆ ಒಗ್ಗಿಹೋಗುವುದೇ ಇಲ್ಲಿ ಸಮ್ಮತಿಯ ರೂಪ.

ಈ ಮೂರರ ಅಂಚಿನಲ್ಲಿ ಮತ್ತೊಂದು ಹೊಣೆಯಿದೆ. ಅದು ಓಡಿಬಂದವನಿಗೆ ಬಾಗಿಲು ಮುಚ್ಚಿದವರದು. 1939ರ ಮೇ ತಿಂಗಳಲ್ಲಿ 937 ಪ್ರಯಾಣಿಕರೊಡನೆ ಹ್ಯಾಂಬರ್ಗ್ ಬಿಟ್ಟ ‘ಸೇಂಟ್ ಲೂಯಿಸ್’ ಹಡಗಿನಲ್ಲಿದ್ದವರು ಬಹುಪಾಲು ಯಹೂದಿಗಳು. ಕ್ಯೂಬಾ ಕೆಲವೇ ಜನರನ್ನು ಇಳಿಸಿಕೊಂಡಿತು. ಅಮೆರಿಕ ಯಾರನ್ನೂ ಒಳಗೆ ಬಿಡಲಿಲ್ಲ. ಯುರೋಪಿಗೆ ಮರಳಿದವರಲ್ಲಿ 254 ಮಂದಿ ಮುಂದೆ ನಾಜಿಗಳ ನರಮೇಧದಲ್ಲಿ ಸತ್ತರು. ‘ವಾಯೇಜ್ ಆಫ್ ದ ಡ್ಯಾಮ್ಡ್’ (1976) ಈ ಪಯಣದ ಕಥೆ. ಇಲ್ಲಿ ಬಾಗಿಲು ಮುಚ್ಚಿದವರು ನಾಜಿಗಳಲ್ಲ. ನಿಯಮಗಳನ್ನು ತೋರಿಸಿದ ಇತರ ದೇಶಗಳವರು.

ಈ ನಾಲ್ಕನೆಯ ಹೊಣೆಯ ಪ್ರಶ್ನೆ ಬೆಂಗಳೂರಿನವರೆಗೂ ಬರುತ್ತದೆ. ಕ್ವಾಂಟಂ ಭೌತಶಾಸ್ತ್ರದ ನಿರ್ಮಾತೃಗಳಲ್ಲೊಬ್ಬನಾದ ಮ್ಯಾಕ್ಸ್ ಬಾರ್ನ್, ಯಹೂದಿ ಮೂಲದವನೆಂಬ ಕಾರಣಕ್ಕೆ 1933ರಲ್ಲಿ ಗಟಿಂಗನ್ ವಿಶ್ವವಿದ್ಯಾಲಯದ ಹುದ್ದೆಯನ್ನು ಕಳೆದುಕೊಂಡನು. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಆತನನ್ನು ಆಹ್ವಾನಿಸಿದರು. 1935-36ರಲ್ಲಿ ಕೆಲವು ತಿಂಗಳು ಬಾರ್ನ್ ಪತ್ನಿಯೊಡನೆ ಬೆಂಗಳೂರಿನಲ್ಲಿದ್ದನು. ಆತನಿಗೆ ಕಾಯಂ ಪ್ರಾಧ್ಯಾಪಕ ಹುದ್ದೆ ನೀಡಬೇಕೆಂದು ರಾಮನ್ ಪ್ರಸ್ತಾಪಿಸಿದ ಸಭೆಯಲ್ಲಿ ಆಂಗ್ಲ ಪ್ರಾಧ್ಯಾಪಕನೊಬ್ಬನು ಎದ್ದು, ಸ್ವದೇಶದಿಂದ ಹೊರದೂಡಲ್ಪಟ್ಟ ಎರಡನೆಯ ದರ್ಜೆಯ ಪರದೇಶಿ ಈ ಸಂಸ್ಥೆಗೆ ಸಾಲದೆಂಬರ್ಥದ ಮಾತಾಡಿದನು. ಸಭೆಯಲ್ಲಿ ಉಪಸ್ಥಿತನಿದ್ದ ಬಾರ್ನ್ ಮನೆಗೆ ಬಂದು ಪತ್ನಿಯೆದುರು ಅತ್ತದ್ದನ್ನು ಆತ್ಮಕಥನದಲ್ಲಿ ದಾಖಲಿಸಿದ್ದಾನೆ. ಹುದ್ದೆ ದೊರೆಯಲಿಲ್ಲ. 1936ರಲ್ಲಿ ಆತ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಹೋದನು. 1954ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಹಾಗೆ ಆಡಿದವನು ನಾಜಿಯಲ್ಲ. ಆದರೆ ಆತನ ತರ್ಕವನ್ನು ಗಮನಿಸಬೇಕು. ಹೊರದೂಡಿದವರ ಅಪರಾಧ ಹೊರದೂಡಲ್ಪಟ್ಟವನ ಕೊರತೆಯಾಗಿ ಮಾರ್ಪಟ್ಟಿತು. ಬರ್ಲಿನ್ನಿನಲ್ಲಿ ಹೊರಟ ಆಜ್ಞೆಯ ಅವಮಾನ, ಅದನ್ನು ಒಪ್ಪದವರ ಬಾಯಿಂದಲೂ, ಬೆಂಗಳೂರಿನ ಒಂದು ಕೊಠಡಿಯಲ್ಲಿ ಮತ್ತೊಮ್ಮೆ ನೆರವೇರಿತು.

ಇದೇ ನಗರ ಬಾಗಿಲು ತೆರೆದ ನಿದರ್ಶನವೂ ಇದೆ. ಬಾರ್ನ್‌ನ ಸೋದರಿಯ ಮಗ, ವಾಸ್ತುಶಿಲ್ಪಿ ಓಟೊ ಕೋನಿಗ್ಸ್‌ಬರ್ಗರ್ ಕೂಡ 1933ರಲ್ಲಿ ಜರ್ಮನಿಯಲ್ಲಿ ಕೆಲಸ ಕಳೆದುಕೊಂಡು ಈಜಿಪ್ಟಿಗೆ ಹೋಗಿದ್ದವನು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1939ರಲ್ಲಿ, ಮೈಸೂರು ಸಂಸ್ಥಾನ ಆತನನ್ನು ತನ್ನ ವಾಸ್ತುಶಿಲ್ಪಿಯಾಗಿ ಕರೆಸಿಕೊಂಡಿತು. ಚಿಕ್ಕ ವಯಸ್ಸಿನ ಆ ನಿರಾಶ್ರಿತನು ಭಾರತೀಯ ವಿಜ್ಞಾನ ಸಂಸ್ಥೆಯ ವೈಮಾನಿಕ ವಿಭಾಗವೂ ಸೇರಿದಂತೆ ಹಲವು ಕಟ್ಟಡಗಳನ್ನು ರೂಪಿಸಿದನು. ಸ್ವಾತಂತ್ರ್ಯಾನಂತರ ಭಾರತ ಸರ್ಕಾರದ ವಸತಿ ನಿರ್ದೇಶಕನಾಗಿ ದೇಶವಿಭಜನೆಯ ನಿರಾಶ್ರಿತರಿಗೆ ಮನೆಗಳನ್ನು ಒದಗಿಸುವ ಕೆಲಸದಲ್ಲಿ ತೊಡಗಿದನು. ಸೋದರಮಾವನಿಗೆ ಸ್ಥಳವಿಲ್ಲವೆಂದ ಸಂಸ್ಥೆಯ ಆವರಣದಲ್ಲಿಯೇ ಸೋದರಳಿಯನು ಕಟ್ಟಿದ ಗೋಡೆಗಳು ನಿಂತವು.

ನಾಜಿ ಯುಗದ ಚರಿತ್ರೆ ಪೂರ್ಣವಾಗಿ ಅನ್ಯರದಲ್ಲ ಎಂಬುದಕ್ಕೆ ಈ ಎರಡು ಬದುಕುಗಳು ಸಾಕ್ಷಿ. ಯಶೋಧರನು ಕೊಂದದ್ದು ಹಿಟ್ಟಿನ ಕೋಳಿಯನ್ನಾದರೂ, ಖಡ್ಗ ಎತ್ತಿದ ಕ್ಷಣದ ಸಂಕಲ್ಪಕ್ಕೆ ಅವನೇ ಉತ್ತರದಾಯಿ. ಸಭೆಯಲ್ಲಿ ಆಡಿದ ಒಂದು ಮಾತು, ಕಾಗದದ ಮೇಲಿನ ಒಂದು ಸಹಿ, ಕೇಳಿಸಿಯೂ ಕೇಳದಂತಿರುವ ಕಿವಿ, ಇವುಗಳನ್ನು ಅಳೆಯುವ ಮಾನದಂಡವನ್ನು ಕನ್ನಡ ಕಾವ್ಯ ಎಂಟು ಶತಮಾನಗಳ ಹಿಂದೆಯೇ ಒದಗಿಸಿದೆ. ಆ ಚಿತ್ರಗಳನ್ನು ನೋಡುವ ಕನ್ನಡದ ವಿದ್ಯಾರ್ಥಿಯು ಹಿಟ್ಲರನನ್ನು ದ್ವೇಷಿಸುವುದು ಸುಲಭ. ಅದೇ ಮಾನದಂಡವನ್ನು ತನ್ನ ಊರಿನ ಸಭೆಗಳಿಗೆ, ಕಚೇರಿಗಳಿಗೆ, ತರಗತಿಗಳಿಗೆ ಹಚ್ಚಿ ನೋಡುವುದು ಕಷ್ಟ. ಆ ಚಿತ್ರಗಳು ಉಳಿಸಿಹೋಗಿರುವ ನೈತಿಕ ಋಣ ಅದೇ.