ಮಕ್ಕಳು ಮತ್ತು ಕಾಡು: ಹುಲಿಕಲ್ ಸೀಮೆಯ ಆರೋಗ್ಯ ಪಾಠ

ಮಗುವಿನ ಆರೋಗ್ಯ ಎಂದಕೂಡಲೇ ಲಸಿಕೆ, ಊಟ, ನಿದ್ದೆ ನೆನಪಾಗುತ್ತವೆ. ಮನೆಯ ಹೊರಗೆ, ಗಿಡಮರಗಳ ನಡುವೆ ಕಳೆಯುವ ಹೊತ್ತೂ ಅದೇ ಸಾಲಿಗೆ ಸೇರಬೇಕು ಎಂದು ವೈದ್ಯಕೀಯ ಅಧ್ಯಯನಗಳು ಹೇಳುತ್ತಿವೆ. ಪೇಟೆಯವರು ಇದಕ್ಕಾಗಿ ಪಾರ್ಕು ಹುಡುಕಬೇಕು. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಹುಲಿಕಲ್‌ನಲ್ಲಿ ಅಂಗಳ ದಾಟಿದರೆ ಕಾಡು. ಆದರೆ ಕಾಡಿನ ಪಕ್ಕದಲ್ಲಿ ಬೆಳೆಯುವುದು ಬೇರೆ, ಕಾಡನ್ನು ಬಲ್ಲವರಾಗಿ ಬೆಳೆಯುವುದು ಬೇರೆ. ಮಕ್ಕಳಿಗೆ ಒಳಿತಾಗುವುದು ಎರಡನೆಯದರಿಂದ.

ಹುಲಿಕಲ್ ಸೀಮೆ

ಹುಲಿಕಲ್ ಪಶ್ಚಿಮ ಘಟ್ಟದ ನೆತ್ತಿಯ ಮೇಲಿನ ಊರು. ಇಲ್ಲಿಂದ ಬಾಳೆಬರೆ ಘಾಟಿ ಎಂದೂ ಕರೆಯುವ ಹುಲಿಕಲ್ ಘಾಟಿ ಇಳಿದರೆ ಹೊಸಂಗಡಿ, ಅಲ್ಲಿಂದ ಮುಂದೆ ಕುಂದಾಪುರ. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಹುಲಿಕಲ್ಲೂ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯೂ ಪೈಪೋಟಿಗೆ ನಿಂತಂತಿವೆ. ಬೆಂಗಳೂರಿಗೆ ಏಳೆಂಟು ವರ್ಷ ಬೀಳುವಷ್ಟು ಮಳೆ ಆಗುಂಬೆಯಲ್ಲಿ ಒಂದೇ ವರ್ಷಕ್ಕೆ ಸುರಿಯುತ್ತದೆ. ಈ ಮಳೆಯೇ ಇಲ್ಲಿನ ನಿತ್ಯಹರಿದ್ವರ್ಣ ಕಾಡನ್ನು ಸಾಕಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಮನೆಯಿಂದ ಮನೆಗೆ ದೂರ. ನಡುವೆ ಅಡಿಕೆ ತೋಟ, ಗದ್ದೆ, ಸೊಪ್ಪಿನಬೆಟ್ಟ, ಕಾನು.

ನಂಟು ಸಡಿಲವಾದ ಬಗೆ

ಹಿಂದಿನವರಿಗೆ ಶಾಲೆಯ ದಾರಿಯೇ ಅರ್ಧ ಪಾಠಶಾಲೆ. ನೇರಳೆ, ಕೌಳಿ, ಮುರುಗಲು ಯಾವಾಗ ಹಣ್ಣಾಗುತ್ತವೆ, ಯಾವ ಹಳ್ಳ ಎಷ್ಟು ಮಳೆಗೆ ಏರುತ್ತದೆ ಎಂಬುದು ಕಾಲಿಗೇ ಗೊತ್ತಿರುತ್ತಿತ್ತು. ಈಗ ಅನೇಕ ಮಕ್ಕಳು ಮನೆ ಬಾಗಿಲಲ್ಲೇ ಶಾಲೆಯ ವ್ಯಾನು ಹತ್ತುತ್ತಾರೆ, ಇಲ್ಲವೇ ಪೇಟೆಯಲ್ಲಿ ಉಳಿದು ಓದುತ್ತಾರೆ. ರಜೆಗೆ ಬಂದವರ ಕೈಯಲ್ಲಿ ಮೊಬೈಲು. ಅಮೆರಿಕದ ಲೇಖಕ ರಿಚರ್ಡ್ ಲೂವ್ 2005ರಲ್ಲಿ ಮಕ್ಕಳ ಇಂಥ ಸ್ಥಿತಿಯನ್ನು ‘ಪ್ರಕೃತಿಯ ಕೊರತೆ’ ಎಂಬರ್ಥದ ಹೆಸರಿನಿಂದ ಕರೆದರು. ಅದು ವೈದ್ಯರು ಬರೆದುಕೊಡುವ ರೋಗದ ಹೆಸರಲ್ಲ. ಆದರೆ ಅದು ತೋರಿಸುವ ಕೊರತೆ ಮಲೆನಾಡಿನ ಮನೆಗಳಲ್ಲೂ ಇದೆ.

ದೇಹಕ್ಕೂ ಮನಸ್ಸಿಗೂ ಏನು ಲಾಭ?

ಕಣ್ಣು: ಚೀನಾದ ಗುವಾಂಗ್‌ಝೌ ನಗರದಲ್ಲಿ ಕೆಲವು ಶಾಲೆಗಳ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಬಿಡಲಾಯಿತು. 2015ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಮೂರು ವರ್ಷಗಳಲ್ಲಿ ಅವರಲ್ಲಿ ಶೇ 30ರಷ್ಟು ಮಕ್ಕಳಿಗೆ ಸಮೀಪದೃಷ್ಟಿ ಬಂತು. ಹಾಗೆ ಬಿಡದ ಶಾಲೆಗಳಲ್ಲಿ ಇದು ಸುಮಾರು ಶೇ 40. ಹೊರಗಿನ ಬೆಳಕಿಗೆ ಅಕ್ಷಿಪಟಲದಲ್ಲಿ ಡೋಪಮೈನ್ ಹೆಚ್ಚುತ್ತದೆ, ಅದು ಕಣ್ಣುಗುಡ್ಡೆ ಅತಿಯಾಗಿ ಉದ್ದವಾಗುವುದನ್ನು ತಡೆಯುತ್ತದೆ ಎಂಬುದು ತಜ್ಞರ ವಿವರಣೆ. ಮೋಡ ಕವಿದ ಹಗಲಲ್ಲೂ ಹೊರಗಿನ ಬೆಳಕು ಕೋಣೆಯ ದೀಪಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ಹುಲಿಕಲ್‌ನ ಮಳೆಗಾಲವೂ ಕಣ್ಣಿಗೆ ನಷ್ಟದ ಕಾಲವಲ್ಲ. ಮಳೆ ಹೊಳವಾದಾಗ ಅಂಗಳಕ್ಕಿಳಿದರೆ ಸಾಕು.

ರೋಗನಿರೋಧಕ ಶಕ್ತಿ: ಫಿನ್ಲೆಂಡ್‌ನಲ್ಲಿ ಶಿಶುವಿಹಾರಗಳ ಅಂಗಳಕ್ಕೆ ಕಾಡಿನ ನೆಲದ ಹಾಸು ತಂದು ಹಾಕಿ ಮಕ್ಕಳನ್ನು ಆಡಲು ಬಿಟ್ಟರು. 28 ದಿನಗಳಲ್ಲೇ ಮಕ್ಕಳ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು. ರಕ್ತದಲ್ಲೂ ರೋಗನಿರೋಧಕ ವ್ಯವಸ್ಥೆಯನ್ನು ಹದದಲ್ಲಿಡುವ ಸೂಚನೆಗಳು ಕಂಡವು. 2020ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ನಮ್ಮ ಮಕ್ಕಳಿಗೆ ಆ ಮಣ್ಣನ್ನು ಎಲ್ಲಿಂದಲೂ ಹೊತ್ತು ತರಬೇಕಿಲ್ಲ.

ಮನಸ್ಸು: ಡೆನ್ಮಾರ್ಕಿನಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಜನರ ದಾಖಲೆ ಪರಿಶೀಲಿಸಿದ 2019ರ ಅಧ್ಯಯನ ಒಂದು ಗಂಭೀರ ಸಂಗತಿ ಹೇಳಿತು. ಬಾಲ್ಯದಲ್ಲಿ ಸುತ್ತ ಅತಿ ಕಡಿಮೆ ಹಸಿರು ಕಂಡವರಿಗೆ, ಅತಿ ಹೆಚ್ಚು ಹಸಿರಿನ ನಡುವೆ ಬೆಳೆದವರಿಗಿಂತ, ಮುಂದೆ ಮಾನಸಿಕ ಕಾಯಿಲೆ ಬರುವ ಅಪಾಯ ಶೇ 55ರವರೆಗೂ ಹೆಚ್ಚು.

ಮೈ: 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗುಡ್ಡ ಹತ್ತಿ ಇಳಿಯುವ ಮಗುವಿಗೆ ಇದು ತಾನಾಗಿ ಒದಗುತ್ತದೆ.

ಭೂಮಿ ಹುಣ್ಣಿಮೆ: ಊರೇ ನಡೆಸುವ ಪಾಠ

ಆಶ್ವಯುಜದ ಹುಣ್ಣಿಮೆಯ ಹೊತ್ತಿಗೆ ಭತ್ತ ಹೊಡೆಯಾಗಿರುತ್ತದೆ. ಭೂಮಿ ತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂಬುದು ಮಲೆನಾಡಿನ ನಂಬಿಕೆ. ದೀವರ ಮನೆಗಳಲ್ಲಿ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಚಿತ್ತಾರ ಬರೆಯುತ್ತಾರೆ. ಅದು ಭೂಮಣ್ಣಿ ಬುಟ್ಟಿ. ಹಬ್ಬದ ಅಡುಗೆಗೆ ಬೇಲಿ, ಬೆಟ್ಟ, ಗದ್ದೆಯ ಬದುಗಳಿಂದ ಬಗೆಬಗೆಯ ಕುಡಿ, ಸೊಪ್ಪು ಬರಬೇಕು. ಅಜ್ಜಿಯ ಹಿಂದೆ ಹೊರಟ ಮಗು ಒಂದು ಎಲೆ ಕೀಳುತ್ತದೆ, ಅಜ್ಜಿ ಮೂಸಿ ನೋಡಿ, ಇದು ಆಗುತ್ತದೆ ಎಂದು ಮಡಿಲಿಗೆ ಹಾಕಿಕೊಳ್ಳುತ್ತಾಳೆ, ಇನ್ನೊಂದನ್ನು ಬೇಡವೆಂದು ಎಸೆಯುತ್ತಾಳೆ. ಬೆಳಗಿನ ಜಾವ ಬೇಯಿಸಿದ ಸೊಪ್ಪಿನ ಚರಗವನ್ನು ಗದ್ದೆಗೆ ಬೀರುತ್ತಾರೆ. ಕಾಗೆಗೂ ಇಲಿಗೂ ಅದರಲ್ಲಿ ಪಾಲು. ಆಮೇಲೆ ಮನೆಮಂದಿಯೆಲ್ಲ ಹೊಲದಲ್ಲೇ ಕೂತು ಉಣ್ಣುತ್ತಾರೆ. ಸಸ್ಯಗಳ ಗುರುತು, ನಡಿಗೆ, ಹಂಚಿ ತಿನ್ನುವ ಬುದ್ಧಿ ಮೂರೂ ಒಂದೇ ದಿನ ಮಗುವಿಗೆ ಸಿಗುತ್ತವೆ.

ಎಚ್ಚರವೂ ನಂಟಿನ ಭಾಗ

ಕಾಡು ಬಲ್ಲವರು ಅದರ ಅಪಾಯವನ್ನೂ ಬಲ್ಲರು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಜೀವಗಳನ್ನು ಬಲಿ ಪಡೆಯಿತು. ರೋಗ ಹರಡುವುದು ಉಣುಗಿನ ಕಡಿತದಿಂದ. ಡಿಸೆಂಬರ್‌ನಿಂದ ಮೇವರೆಗೆ ಮರಿ ಉಣುಗುಗಳ ಕಾಟ ಹೆಚ್ಚು. ಈ ತಿಂಗಳುಗಳಲ್ಲಿ ಮಕ್ಕಳನ್ನು ದರಗಿನ ಮೇಲೆ ಕೂರಿಸಬಾರದು. ಮೈತುಂಬ ಬಟ್ಟೆ ಹಾಕಿಸಬೇಕು, ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಬೇಕು. ಮನೆಗೆ ಬಂದಮೇಲೆ ಬಿಸಿನೀರಿನಲ್ಲಿ ಮೀಯಿಸಿ, ಮೈಯೆಲ್ಲ ಹುಡುಕಿ ನೋಡಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಏಕಾಏಕಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಮಳೆಗಾಲದ ಉಂಬಳದಿಂದ ಅಂಥ ಭಯವಿಲ್ಲ, ಉಪ್ಪೋ ಸುಣ್ಣವೋ ತಾಗಿದರೆ ಬಿಟ್ಟು ಬೀಳುತ್ತದೆ. ಹಳ್ಳ ಹಾಗಲ್ಲ. ತುಂಬಿದ ಹಳ್ಳದ ಕಾಲುಸಂಕವನ್ನು ಮಗು ಒಂಟಿಯಾಗಿ ದಾಟಬಾರದು. ಗಟ್ಟಿ ಕಾಲುಸೇತುವೆ ಈ ಸೀಮೆಯ ಮಕ್ಕಳ ಹಕ್ಕು.

ಶಾಲೆಗಳು ಮಾಡಬಹುದಾದದ್ದು

ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ 1930ರ ದಶಕದಲ್ಲೇ ಮಕ್ಕಳ ಕಲಿಕೆಯನ್ನು ನಾಲ್ಕು ಗೋಡೆಗಳ ಆಚೆ ತಂದಿದ್ದರು. ಇಂದು ರಾಷ್ಟ್ರೀಯ ಹಸಿರು ಪಡೆಯ ಇಕೋ ಕ್ಲಬ್‌ಗಳಿವೆ, ಅರಣ್ಯ ಇಲಾಖೆಯ ‘ಚಿಣ್ಣರ ವನ ದರ್ಶನ’ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯವರಿಗೆ 10 ದಿನ ಬ್ಯಾಗಿಲ್ಲದ ಕಲಿಕೆ ಸೂಚಿಸುತ್ತದೆ. ವರ್ಷಕ್ಕೊಮ್ಮೆ ಬಸ್ಸಿನಲ್ಲಿ ದೂರದ ಅಭಯಾರಣ್ಯಕ್ಕೆ ಹೋಗುವುದಕ್ಕಿಂತ, ವಾರಕ್ಕೊಮ್ಮೆ ಶಾಲೆಯ ಹಿಂದಿನ ಅದೇ ಮರದ ಬಳಿಗೆ ಹೋಗುವುದು ಹೆಚ್ಚು ಕಲಿಸುತ್ತದೆ. ಚಿಗುರು ಯಾವಾಗ ಬಂತು, ಯಾವ ಹಕ್ಕಿ ಕೂತಿತು, ಇವತ್ತು ಎಷ್ಟು ಮಳೆ ಬಿತ್ತು ಎಂದು ಮಕ್ಕಳೇ ಬರೆದಿಟ್ಟರೆ ಅದು ಊರಿನ ದಾಖಲೆಯೂ ಆಗುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು

ಇದಕ್ಕೆ ದುಡ್ಡು ಬೇಡ, ಜೊತೆಗೆ ಹೋಗುವ ಒಬ್ಬ ಹಿರಿಯರು ಬೇಕು. ಬೇಸಿಗೆಯಲ್ಲಿ ಅಪ್ಪೆಮಿಡಿ ಕೊಯ್ಯುವಾಗ, ಮಳೆಗಾಲದಲ್ಲಿ ಪತ್ರೊಡೆಗೆ ಕೆಸುವಿನ ಎಲೆ ತರುವಾಗ ಮಗುವನ್ನೂ ಕರೆಯಿರಿ. ಅಣಬೆಯನ್ನು ಬಲ್ಲವರು ನೋಡದೆ ತಿನ್ನಬಾರದೆಂದು ಆಗಲೇ ಹೇಳಿಕೊಡಿ. ಪೇಟೆಯಲ್ಲಿರುವವರು ರಜೆಗೆ ಊರಿಗೆ ಬಂದಾಗ ಒಂದು ಮಧ್ಯಾಹ್ನವನ್ನಾದರೂ ಇದಕ್ಕೆ ಬಿಡಲಿ. ಸೊಪ್ಪಿನ ಗುರುತು ಇರುವುದು ಅಜ್ಜಿಯರ ಮೂಗು, ಬೆರಳುಗಳಲ್ಲಿ. ಬರುವ ಭೂಮಿ ಹುಣ್ಣಿಮೆಗೆ ಅವರು ಬುಟ್ಟಿ ಹಿಡಿದು ಬೇಲಿಯ ಕಡೆ ಹೊರಟಾಗ ಹಿಂದೆ ಒಂದು ಮಗುವಿರಲಿ.