ಎರಿಥ್ರೋಸಿನ್: ಒಂದು ಕೆಂಪು ಬಣ್ಣದ ನೂರ ಹದಿನೆಂಟು ವರ್ಷ

ಬೇಕರಿಯ ಕೇಕಿನ ಮೇಲೆ ಕೂರಿಸುವ ಕೆಂಪು ಚೆರ್ರಿ ನಮ್ಮಲ್ಲಿ ಬಹಳಷ್ಟು ಸಲ ಚೆರ್ರಿಯಲ್ಲ. ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ನೆನೆಸಿ, ಬಣ್ಣ ಹಾಕಿದ ಕವಳಿಕಾಯಿ ಅದು. ಬನ್ನಿನೊಳಗೆ ಸಿಗುವ ಟೂಟಿ ಫ್ರೂಟಿ ಬಣ್ಣ ಕುಡಿದ ಪರಂಗಿ ಕಾಯಿಯ ತುಂಡು. ಇಂಥ ಪಾಕದ ಹಣ್ಣುಗಳಿಗೆ ಜಗತ್ತಿನ ನಾನಾ ಕಡೆ ಮಿಠಾಯಿಗಾರರು ನೆಚ್ಚಿಕೊಂಡ ಬಣ್ಣದ ಹೆಸರು ಎರಿಥ್ರೋಸಿನ್. ಹುಳಿ ಇರುವಲ್ಲಿ ಅದು ಕರಗುವುದಿಲ್ಲ, ಹಣ್ಣಿನ ತಿರುಳಿನಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಹಾಗಾಗಿ ಒಂದೇ ಡಬ್ಬಿಯಲ್ಲಿ ಚೆರ್ರಿಯ ಪಕ್ಕ ಇರುವ ಅನಾನಸ್ ತುಂಡಿಗೆ ಕೆಂಪು ಹತ್ತುವುದಿಲ್ಲ. ಈ ಬಣ್ಣವನ್ನು ಅಮೆರಿಕ ಸರ್ಕಾರ ಆಹಾರಕ್ಕೆ ಯೋಗ್ಯವೆಂದು ಒಪ್ಪಿದ್ದು 1907ರಲ್ಲಿ. ಆ ಒಪ್ಪಿಗೆಯನ್ನು ಹಿಂದಕ್ಕೆ ಪಡೆದದ್ದು 2025ರ ಜನವರಿಯಲ್ಲಿ. ಈ ನೂರ ಹದಿನೆಂಟು ವರ್ಷಗಳ ಕಥೆಯನ್ನು ಬಿಡಿಸಿ ನೋಡಿದರೆ, ಆಹಾರದಲ್ಲಿ ಬೆರೆಸುವ ವಸ್ತುಗಳ ಸುರಕ್ಷತೆಯನ್ನು ಸರ್ಕಾರಗಳು ಹೇಗೆ ಪರಿಶೀಲಿಸುತ್ತ ಬಂದವು, ಎಲ್ಲಿ ಎಡವಿದವು ಎಂಬುದು ತಿಳಿಯುತ್ತದೆ. ತಪ್ಪು ವಸ್ತುವಿಗೆ ಒಪ್ಪಿಗೆ ಕೊಟ್ಟದ್ದು ದೊಡ್ಡ ದೋಷವಲ್ಲ, ಅಂದಿನ ತಿಳಿವಳಿಕೆಗೆ ಅದು ಸಹಜ. ಒಮ್ಮೆ ಕೊಟ್ಟ ಒಪ್ಪಿಗೆಗೆ ಅವಧಿಯನ್ನೇ ಇಡದೆ ಹೋದದ್ದು ದೊಡ್ಡ ದೋಷ ಎಂಬುದು ನನ್ನ ವಾದ.

ಹತ್ತೊಂಬತ್ತನೆಯ ಶತಮಾನದ ಮಿಠಾಯಿಯ ಬಣ್ಣಗಳು ನಿಜಕ್ಕೂ ವಿಷವೇ ಆಗಿದ್ದವು. ಲಂಡನ್ನಿನ ವೈದ್ಯ ಆರ್ಥರ್ ಹಿಲ್ ಹಸಲ್ 1850ರ ದಶಕದಲ್ಲಿ ಅಂಗಡಿಗಳಿಂದ ತಿಂಡಿ ತರಿಸಿ ಪರೀಕ್ಷಿಸಿದಾಗ ಸೀಸ, ತಾಮ್ರ, ಪಾದರಸದ ಲವಣಗಳು ಸಿಕ್ಕವು. 1856ರಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ ಕಲ್ಲಿದ್ದಲಿನ ಟಾರಿನಿಂದ ಬಂದ ವಸ್ತುವಿನಿಂದ ನೇರಳೆ ಬಣ್ಣ ತೆಗೆದ. ಅದರ ಬೆನ್ನಲ್ಲೇ ಇಂಥ ಬಣ್ಣಗಳು ಸಾಲುಸಾಲಾಗಿ ಬಂದವು. ಬಟ್ಟೆಗೆಂದು ಹುಟ್ಟಿದ ಅವು ಬೇಗನೆ ಅಡುಗೆಮನೆಗೂ ನುಗ್ಗಿದವು. ಚಿಟಿಕೆಯಷ್ಟು ಹಾಕಿದರೆ ಸಾಕಾಗುತ್ತಿತ್ತು, ಬೆಲೆಯೂ ಅಗ್ಗ. ಸೀಸದ ಬಣ್ಣಕ್ಕೆ ಹೋಲಿಸಿದರೆ ಇದು ಸುಧಾರಣೆಯೇ ಎಂದು ಒಪ್ಪಬೇಕು. 1906ರಲ್ಲಿ ಅಮೆರಿಕ ಶುದ್ಧ ಆಹಾರ ಮತ್ತು ಔಷಧ ಕಾಯಿದೆ ಮಾಡಿತು. ಅದರ ಹಿಂದಿದ್ದ ಶಕ್ತಿ ಹಾರ್ವೆ ವೈಲಿ. 1902ರಿಂದ ಆತ ಆರೋಗ್ಯವಂತ ತರುಣರ ಒಂದು ಪಂಕ್ತಿಯನ್ನೇ ಕೂರಿಸಿ, ಊಟದ ಜೊತೆ ಬೋರಾಕ್ಸ್, ಫಾರ್ಮಾಲ್ಡಿಹೈಡ್ ಮೊದಲಾದ ಸಂರಕ್ಷಕಗಳನ್ನು ಕೊಟ್ಟು ಪರಿಣಾಮ ದಾಖಲಿಸಿದ್ದ ರಸಾಯನವಿಜ್ಞಾನಿ. ಬಣ್ಣಗಳ ವಿಚಾರಣೆ ಬರ್ನ್‌ಹಾರ್ಡ್ ಹೆಸ್ ಎಂಬ ಇನ್ನೊಬ್ಬ ರಸಾಯನವಿಜ್ಞಾನಿಯ ಪಾಲಿಗೆ ಬಂತು.

ಹೆಸ್ ಮಾಡಿದ ಕೆಲಸವನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಇಂದಿನ ಎಲ್ಲ ಅನುಮತಿ ಪಟ್ಟಿಗಳಿಗೂ ಅದು ಅಜ್ಜನಂಥದು. ಅಂದು ಆಹಾರಕ್ಕೆ ಬಳಕೆಯಾಗುತ್ತಿದ್ದ ಸುಮಾರು 80 ಬಣ್ಣಗಳನ್ನು ಆತ ಪಟ್ಟಿ ಮಾಡಿದ. 30 ಬಣ್ಣಗಳನ್ನು ಯಾರೂ ಎಂದೂ ಪರೀಕ್ಷಿಸಿಯೇ ಇರಲಿಲ್ಲ. 26 ಬಣ್ಣಗಳ ಬಗ್ಗೆ ಒಬ್ಬ ಪರೀಕ್ಷಕ ಹೇಳಿದ್ದಕ್ಕೆ ಇನ್ನೊಬ್ಬ ಹೇಳಿದ್ದು ತಾಳೆಯಾಗುತ್ತಿರಲಿಲ್ಲ. 8 ಬಣ್ಣಗಳು ಅಪಾಯಕಾರಿ ಎಂಬುದರಲ್ಲಿ ತಜ್ಞರಿಗೆ ಹೆಚ್ಚು ಅನುಮಾನವಿರಲಿಲ್ಲ. ಉಳಿದ 16 ಬಣ್ಣಗಳಲ್ಲಿ ಏಳನ್ನು ಆರಿಸಿ 1907ರಲ್ಲಿ ಅನುಮತಿ ಕೊಡಲಾಯಿತು. ಪರೀಕ್ಷೆಯಾಗದ್ದನ್ನು ಒಳಗೆ ಬಿಡಬಾರದು ಎಂಬ ಆತನ ನಿಯಮ ಅಂದಿನ ಕಾಲಕ್ಕೆ ದಿಟ್ಟವಾದದ್ದು. ಆದರೂ ಆ ಏಳರ ಗತಿ ಏನಾಯಿತು? ಆರೆಂಜ್ 1 ಸೇರಿಸಿದ್ದ ಹ್ಯಾಲೊವೀನ್ ಹಬ್ಬದ ಮಿಠಾಯಿ ತಿಂದು 1950ರಲ್ಲಿ ಮಕ್ಕಳು ಕಾಯಿಲೆ ಬಿದ್ದರು, ಆ ದಶಕದಲ್ಲೇ ಅದನ್ನು ತೆಗೆದುಹಾಕಿದರು. ನ್ಯಾಫ್ಥಾಲ್ ಯೆಲ್ಲೋ, ಪೊನ್ಸೋ 3ಆರ್, ಲೈಟ್ ಗ್ರೀನ್ ಕೂಡ ಒಂದೊಂದಾಗಿ ಪಟ್ಟಿಯಿಂದ ಬಿದ್ದವು. ಅಮರಾಂತ್ 1976ರಲ್ಲಿ ಹೋಯಿತು. ಉಳಿದದ್ದು ಇಂಡಿಗೊ ನೀಲಿ ಮತ್ತು ಎರಿಥ್ರೋಸಿನ್ ಎರಡೇ. ಕಾಳಜಿಯುಳ್ಳ ತಜ್ಞನೊಬ್ಬ ಎಚ್ಚರಿಕೆಯಿಂದ ಆರಿಸಿದ ಏಳರಲ್ಲಿ ಐದು ಬಣ್ಣಗಳು ಎಪ್ಪತ್ತು ವರ್ಷದೊಳಗೆ ಪಟ್ಟಿಯಿಂದ ಹೊರಬಿದ್ದವು. ಸುರಕ್ಷಿತ ಎಂಬುದು ವಸ್ತುವಿಗೆ ಅಂಟಿದ ಗುಣವಲ್ಲ, ಒಂದು ದಿನದ ಸಾಕ್ಷ್ಯದ ಮೇಲೆ ಕೊಟ್ಟ ತೀರ್ಪು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ?

1950ರ ಪ್ರಕರಣದ ವರ್ಷದಲ್ಲೇ ಜೇಮ್ಸ್ ಡಿಲೇನಿ ಎಂಬ ಸಂಸದನ ಸಮಿತಿ ಆಹಾರದ ರಾಸಾಯನಿಕಗಳ ವಿಚಾರಣೆ ಶುರುಮಾಡಿತು. ಅದರ ಫಲವಾಗಿ 1958ರಲ್ಲಿ ಆಹಾರ ಸೇರ್ಪಡೆಗಳಿಗೆ, 1960ರಲ್ಲಿ ಬಣ್ಣಗಳಿಗೆ ಹೊಸ ಕಾನೂನು ಬಂತು. ಅದುವರೆಗೆ ಸರ್ಕಾರವೇ ಹಾನಿಯನ್ನು ಸಾಬೀತು ಮಾಡಬೇಕಿತ್ತು. ಇನ್ನು ಮುಂದೆ ತಯಾರಕನೇ ಸುರಕ್ಷತೆಯನ್ನು ಸಾಬೀತು ಮಾಡಬೇಕು. ಜೊತೆಗೆ, ಮನುಷ್ಯರಲ್ಲಾಗಲಿ ಪ್ರಾಣಿಗಳಲ್ಲಾಗಲಿ ಕ್ಯಾನ್ಸರ್ ತರುತ್ತದೆಂದು ಕಂಡ ಯಾವ ವಸ್ತುವಿಗೂ ಅನುಮತಿ ಇಲ್ಲ ಎಂಬ ಡಿಲೇನಿ ಷರತ್ತು ಸೇರಿತು. ಹಳೆಯ ಬಣ್ಣಗಳು ತಾತ್ಕಾಲಿಕ ಪಟ್ಟಿಗೆ ಹೋದವು. ಆ ಪಟ್ಟಿ ಎರಡೂವರೆ ವರ್ಷದಲ್ಲಿ ಮುಗಿಯಬೇಕಿತ್ತು, ಮತ್ತೆ ಮತ್ತೆ ಗಡುವು ಬೆಳೆಯುತ್ತ ದಶಕಗಳೇ ಕಳೆದವು. ಎರಿಥ್ರೋಸಿನ್‌ಗೆ ಆಹಾರ ಮತ್ತು ಒಳಗೆ ಸೇವಿಸುವ ಔಷಧಗಳ ಮಟ್ಟಿಗೆ 1969ರಲ್ಲಿ ಕಾಯಂ ಅನುಮತಿ ಸಿಕ್ಕಿತು, ಸೌಂದರ್ಯವರ್ಧಕಗಳ ಮಟ್ಟಿಗೆ ಅದು ತಾತ್ಕಾಲಿಕವಾಗಿಯೇ ಉಳಿಯಿತು. ಕಥೆಯ ತಿರುವು ಇರುವುದು ಇಲ್ಲೇ. 1980ರ ದಶಕದಲ್ಲಿ, ಆಹಾರದ ಶೇಕಡ 4ರಷ್ಟು ಈ ಬಣ್ಣವನ್ನೇ ತಿಂದ ಗಂಡು ಇಲಿಗಳಲ್ಲಿ ಥೈರಾಯ್ಡ್ ಗೆಡ್ಡೆಗಳು ಕಂಡವು. 1990ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಲಿಪ್‌ಸ್ಟಿಕ್ ಮುಂತಾದವುಗಳಲ್ಲಿ ಇದರ ಬಳಕೆಯನ್ನು ನಿಲ್ಲಿಸಿತು. ಮಿಠಾಯಿಯಲ್ಲಿ ನಿಲ್ಲಿಸಲಿಲ್ಲ. ತಾತ್ಕಾಲಿಕ ಅನುಮತಿಯನ್ನು ಸುಲಭವಾಗಿ ಕೊನೆಗಾಣಿಸಬಹುದಿತ್ತು, ಕಾಯಂ ಅನುಮತಿಯನ್ನು ರದ್ದುಮಾಡಲು ಇಡೀ ಕಾನೂನು ಪ್ರಕ್ರಿಯೆ ಹೊಸದಾಗಿ ನಡೆಯಬೇಕಿತ್ತು. ರದ್ದು ಮಾಡುತ್ತೇವೆ ಎಂದ ಇಲಾಖೆ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಮಕ್ಕಳ ಹೊಟ್ಟೆಗೆ ಹೋಗುವ ಬಣ್ಣಕ್ಕೆ ತುಟಿಗೆ ಹಚ್ಚುವ ಬಣ್ಣಕ್ಕಿಂತ ಮೂವತ್ತೈದು ವರ್ಷ ಹೆಚ್ಚಿನ ಆಯುಷ್ಯ ಸಿಕ್ಕಿತು. 2022ರಲ್ಲಿ ಗ್ರಾಹಕ ಸಂಘಟನೆಗಳು ಅರ್ಜಿ ಹಾಕಿದವು, 2023ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ತಾನೇ ನಿಷೇಧದ ಕಾನೂನು ಮಾಡಿತು, ಆಮೇಲೆ ಕೇಂದ್ರದ ಆದೇಶ ಬಂತು.

ಈ ನಿಷೇಧವೇ ಅವೈಜ್ಞಾನಿಕ ಎನ್ನುವವರಿದ್ದಾರೆ, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಇಲಿಯಲ್ಲಿ ಗೆಡ್ಡೆ ಬಂದದ್ದು ಇಲಿಯ ದೇಹಕ್ಕೆ ವಿಶಿಷ್ಟವಾದ ಹಾರ್ಮೋನಿನ ದಾರಿಯಿಂದ, ಮನುಷ್ಯರಲ್ಲಿ ಹಾಗಾದದ್ದು ಕಂಡಿಲ್ಲ ಎಂದು ಆದೇಶ ಹೊರಡಿಸಿದ ಇಲಾಖೆಯೇ ಹೇಳಿದೆ. ಡಿಲೇನಿ ಷರತ್ತು ಪ್ರಮಾಣವನ್ನು ನೋಡುವುದಿಲ್ಲ, ಆ ಮಟ್ಟಿಗೆ ಅದು ಮೊಂಡು ಅಸ್ತ್ರವೇ. ನಾನು ಆ ಷರತ್ತಿನ ಪರ ವಾದಿಸುತ್ತಿಲ್ಲ. ಇಲಿಯ ಗೆಡ್ಡೆ ನಮಗೆ ಅನ್ವಯಿಸದಿದ್ದರೆ ಹಾಗೆಂದು ಸಾಕ್ಷ್ಯಸಮೇತ ತೀರ್ಮಾನಿಸಿ ಕಾನೂನು ತಿದ್ದಬೇಕಿತ್ತು, ಅನ್ವಯಿಸುವುದಾದರೆ ಬಣ್ಣ ತೆಗೆಯಬೇಕಿತ್ತು. ಎರಡನ್ನೂ ಮಾಡದೆ ಸುಮ್ಮನಿದ್ದದ್ದಕ್ಕೆ ಯಾವ ವಿಜ್ಞಾನವೂ ಸಮರ್ಥನೆಯಾಗದು. ಮನುಷ್ಯರ ಮೇಲೆ ಏನೂ ಕಂಡಿಲ್ಲ ಎಂಬುದೂ ಪೂರ್ತಿ ಸರಿಯಲ್ಲ. ಎರಿಥ್ರೋಸಿನ್ ಅಣುವಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಅಯೋಡಿನ್. 1987ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗಂಡಸರಿಗೆ 14 ದಿನ ಇದನ್ನು ಕೊಟ್ಟರು. ದಿನಕ್ಕೆ 60 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ವ್ಯತ್ಯಾಸ ಕಾಣಲಿಲ್ಲ, 200 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನು ಏರಿತು.

ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ ಈ ಅಂಕಿಯನ್ನೇ ಹಿಡಿದು ಲೆಕ್ಕ ಹಾಕಿತು. ಈ ಸಮಿತಿ ಮೊದಲು ಸೇರಿದ್ದು 1956ರಲ್ಲಿ ರೋಮ್‌ನಲ್ಲಿ, ಇಂದಿಗೂ ಬಹುತೇಕ ದೇಶಗಳು ಅದರ ಮಾತನ್ನು ಆಧಾರವಾಗಿಟ್ಟುಕೊಳ್ಳುತ್ತವೆ. 60 ಮಿಲಿಗ್ರಾಂ ಎಂದರೆ 60 ಕಿಲೋ ತೂಕದವನಿಗೆ ಕಿಲೋಗೆ 1 ಮಿಲಿಗ್ರಾಂ. ಮನುಷ್ಯ ಮನುಷ್ಯನ ನಡುವಿನ ವ್ಯತ್ಯಾಸಕ್ಕೆಂದು ಅದನ್ನು ಹತ್ತರಿಂದ ಭಾಗಿಸಿ, ಜೀವಮಾನವಿಡೀ ದಿನವೂ ತಿನ್ನಬಹುದಾದ ಪ್ರಮಾಣ ಕಿಲೋ ದೇಹತೂಕಕ್ಕೆ 0.1 ಮಿಲಿಗ್ರಾಂ ಎಂದು 1990ರಲ್ಲಿ ನಿಗದಿ ಮಾಡಿದರು. ಬರೀ ಪ್ರಾಣಿಗಳ ಮೇಲಿನ ಪರೀಕ್ಷೆ ಇದ್ದಾಗ ವಾಡಿಕೆಯಂತೆ ನೂರರಿಂದ ಭಾಗಿಸುತ್ತಾರೆ. ಇದೇ ಸಮಿತಿ 1974ರಲ್ಲಿ ಇದೇ ಬಣ್ಣಕ್ಕೆ ಕೊಟ್ಟಿದ್ದ ಮಿತಿ 2.5 ಮಿಲಿಗ್ರಾಂ. ಬಣ್ಣ ಬದಲಾಗಲಿಲ್ಲ, ಮನುಷ್ಯರ ದೇಹ ಬದಲಾಗಲಿಲ್ಲ, ಹದಿನಾರು ವರ್ಷದಲ್ಲಿ ಮಿತಿ ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಯಿತು. ಮರುಪರಿಶೀಲನೆ ನಡೆಯದೆ ಇದ್ದಿದ್ದರೆ ನಾವಿಂದೂ 2.5ನ್ನೇ ನಂಬಿಕೊಂಡಿರುತ್ತಿದ್ದೆವು. ಈ 0.1ರ ಮಿತಿ ಎಷ್ಟು ಕಿರಿದು ನೋಡಿ. 15 ಕಿಲೋ ತೂಕದ ಮಗುವಿಗೆ ದಿನಕ್ಕೆ 1.5 ಮಿಲಿಗ್ರಾಂ. ಒಂದು ಕಿಲೋ ತಿಂಡಿಗೆ 100 ಮಿಲಿಗ್ರಾಂ ಬಣ್ಣ ಹಾಕಿದ್ದರೆ 15 ಗ್ರಾಂ ತಿಂಡಿಯಲ್ಲೇ ಅಷ್ಟು ಬಂದುಹೋಗುತ್ತದೆ. ಒಂದು ದಿನ ಮಿತಿ ದಾಟಿದರೆ ವಿಷವೇರುತ್ತದೆ ಎಂದಲ್ಲ, ದಿನವೂ ದಾಟುವ ಮಗುವಿನ ಬಗ್ಗೆ ಯೋಚಿಸಬೇಕು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವರ ಸೇವನೆ ಎರಿಥ್ರೋಸಿನ್ ಸೇರಿ ಮೂರು ಬಣ್ಣಗಳ ಮಿತಿಯನ್ನು ಮೀರಿತ್ತು.

ಯುರೋಪು ಇದೇ ಸಾಕ್ಷ್ಯವನ್ನಿಟ್ಟುಕೊಂಡು ಬೇರೆ ದಾರಿ ಹಿಡಿಯಿತು. 1994ರಲ್ಲೇ ಎರಿಥ್ರೋಸಿನ್‌ನ್ನು ಪಾಕದ ಚೆರ್ರಿಯಂಥ ಒಂದೆರಡು ತಿನಿಸುಗಳಿಗೆ ಮಾತ್ರ ಸೀಮಿತಗೊಳಿಸಿತು. 2009ರ ಜನವರಿಗೆ ಮೊದಲು ಅನುಮತಿ ಪಡೆದಿದ್ದ ಎಲ್ಲ ಸೇರ್ಪಡೆಗಳನ್ನೂ ಮತ್ತೆ ಪರೀಕ್ಷಿಸಬೇಕೆಂದು ಕಾನೂನಿನಲ್ಲೇ ಬರೆದುಕೊಂಡಿತು. ಕೆಲಸ ಗಡುವಿನೊಳಗೆ ಮುಗಿಯಲಿಲ್ಲ, ನಿಜ. ಆದರೆ ಹಳೆಯ ಬಣ್ಣಗಳನ್ನು ಮತ್ತೆ ತೆರೆದು ನೋಡಿದ್ದರಿಂದಲೇ ಸಾಸೇಜಿಗೆ ಹಾಕುತ್ತಿದ್ದ ರೆಡ್ 2ಜಿ 2007ರಲ್ಲಿ ಹೋಯಿತು, ಮಿಠಾಯಿಗೆ ಬಿಳುಪು ಕೊಡುತ್ತಿದ್ದ ಟೈಟಾನಿಯಂ ಡೈಆಕ್ಸೈಡ್ 2022ರಲ್ಲಿ ಹೋಯಿತು. ಇದರಲ್ಲಿ ತೊಡಕೂ ಇದೆ. ಟೈಟಾನಿಯಂ ಡೈಆಕ್ಸೈಡ್ ಬಗ್ಗೆ ಯುರೋಪಿನ ತಜ್ಞರು ಅನುಮಾನ ಪಟ್ಟರೆ, ಜಂಟಿ ಸಮಿತಿ 2023ರಲ್ಲಿ ತೊಂದರೆಯಿಲ್ಲ ಎಂದಿತು. ತಜ್ಞರೇ ಒಪ್ಪದಿರುವಾಗ ಮರುಪರಿಶೀಲನೆಯಿಂದ ಜನರಲ್ಲಿ ಗೊಂದಲ, ಭಯ ಹೆಚ್ಚುತ್ತದೆ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಲಾರಿಗೆ ಆಗಾಗ ಎಫ್‌ಸಿ ಮಾಡಿಸುವುದರಿಂದ ರಸ್ತೆಯಲ್ಲಿ ಭಯ ಹುಟ್ಟುವುದಿಲ್ಲ, ಎಫ್‌ಸಿ ಇಲ್ಲದ ಲಾರಿಯಿಂದ ಹುಟ್ಟುತ್ತದೆ. ಎರಡೂ ಕಡೆಯ ತಜ್ಞರು ತಮ್ಮ ಕಾರಣಗಳನ್ನು ಬಹಿರಂಗವಾಗಿ ಬರೆದಿಟ್ಟಿದ್ದಾರೆ. ಓದಿ ತೂಗಿ ನೋಡಲು ಅವಕಾಶವಿರುವ ಭಿನ್ನಾಭಿಪ್ರಾಯ ಮುಚ್ಚಿಟ್ಟ ಒಮ್ಮತಕ್ಕಿಂತ ನಂಬಿಕೆಗೆ ಯೋಗ್ಯ. ಮೇಲಾಗಿ, ಬಣ್ಣದ ವಿಷಯದಲ್ಲಿ ಕಳೆದುಕೊಳ್ಳುವುದೇನೂ ಇಲ್ಲ. ಮಾಂಸಕ್ಕೆ ಹಾಕುವ ನೈಟ್ರೈಟ್ ಮಾರಕ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ಅಲ್ಲಿ ಲಾಭ ನಷ್ಟ ತೂಗಬೇಕು. ಬಣ್ಣ ಕೆಡದಂತೆ ಕಾಯುವುದಿಲ್ಲ, ಪೋಷಿಸುವುದಿಲ್ಲ, ಕಣ್ಣನ್ನು ಸೆಳೆಯುತ್ತದೆ ಅಷ್ಟೆ.

ಭಾರತದಲ್ಲಿ 1954ರ ಆಹಾರ ಕಲಬೆರಕೆ ತಡೆ ಕಾಯಿದೆಯಿಂದ ಇಂಥ ಬಣ್ಣಗಳ ಮೇಲಿನ ನಿಯಂತ್ರಣ ಶುರುವಾಯಿತು. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಸಿಎಫ್‌ಟಿಆರ್‌ಐ, ಕೇಂದ್ರ ಆಹಾರ ಪ್ರಯೋಗಾಲಯಗಳಲ್ಲಿ ಒಂದಕ್ಕೆ ನೆಲೆಯಾಯಿತು. 2006ರ ಹೊಸ ಕಾಯಿದೆಯಡಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಎಫ್‌ಎಸ್‌ಎಸ್‌ಎಐ ಬಂತು. 2011ರ ನಿಯಮಗಳು ಎಂಟು ಕೃತಕ ಬಣ್ಣಗಳಿಗೆ ಅನುಮತಿ ಕೊಟ್ಟವು, ಅದರಲ್ಲಿ ಎರಿಥ್ರೋಸಿನ್ ಒಂದು. ನಮ್ಮಲ್ಲಿ ನಿಜವಾದ ಅಪಾಯ ಪಟ್ಟಿಯಲ್ಲಿರುವ ಬಣ್ಣಗಳಿಂದಲ್ಲ, ಪಟ್ಟಿಯ ಹೊರಗಿನ ಬಟ್ಟೆ ಬಣ್ಣಗಳಿಂದ, ಹೀಗಿರುವಾಗ ಪಟ್ಟಿಯ ಚರ್ಚೆ ಶ್ರೀಮಂತ ದೇಶದ ಚಿಂತೆ ಎಂದು ಹೇಳುವವರುಂಟು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬೊಂಬಾಯಿ ಮಿಠಾಯಿಯಲ್ಲಿ ರೋಡಮೈನ್-ಬಿ ಹಾಕುವುದನ್ನು ನಿಷೇಧಿಸಿದ್ದನ್ನು ಅವರು ತೋರಿಸುತ್ತಾರೆ. ಅದು ಬಟ್ಟೆಯ ಬಣ್ಣ, ಆಹಾರದ ಪಟ್ಟಿಯಲ್ಲಿ ಇರಲೇ ಇಲ್ಲ. ಆದರೆ ಅದೇ ದಿನ ಗೋಬಿ ಮಂಚೂರಿಯ ಬಣ್ಣದ ಬಗ್ಗೆ ಬಂದ ಆದೇಶವನ್ನೂ ನೋಡಬೇಕು. ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ವರದಿಯಾಯಿತು. ಅವುಗಳಲ್ಲಿ ಸಿಕ್ಕ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಮೂರೂ ಆ ಎಂಟರ ಪಟ್ಟಿಯಲ್ಲೇ ಇರುವ ಬಣ್ಣಗಳು. ಅನುಮತಿ ಎಂದರೆ ಇಂಥ ತಿನಿಸಿಗೆ, ಇಷ್ಟೇ ಪ್ರಮಾಣದಲ್ಲಿ ಎಂದು ಅರ್ಥ. ತಳ್ಳುಗಾಡಿಯವನ ಕೈಗೆ ಬರುವ ಡಬ್ಬಿ ಮಾತ್ರ ಆಹಾರದ ಬಣ್ಣ ಎಂದಷ್ಟೇ ಸಾರುತ್ತದೆ. ದಾಳಿ, ತಪಾಸಣೆ ಬೇಕೇ ಬೇಕು. ಪಟ್ಟಿ ಚಿಕ್ಕದಾಗಿ, ಸ್ಪಷ್ಟವಾಗಿ, ಇತ್ತೀಚಿನದಾಗಿ ಇದ್ದರೆ ತಪಾಸಣೆಯೂ ಸಲೀಸು.

ಮರುಪರಿಶೀಲನೆಗೆ ಹಣ ಬೇಕು, ವಿಜ್ಞಾನಿಗಳು ಬೇಕು, ಸಣ್ಣ ಬೇಕರಿಯವನಿಗೆ ಪದೇ ಪದೇ ಬದಲಾಗುವ ನಿಯಮ ಹೊರೆಯಾಗುತ್ತದೆ ಎಂಬ ಮಾತು ಉಳಿಯುತ್ತದೆ. ಎಂಟು ಬಣ್ಣಗಳನ್ನು ಹತ್ತು ವರ್ಷಕ್ಕೊಮ್ಮೆ ತೆರೆದು ನೋಡಲು ಸಿಎಫ್‌ಟಿಆರ್‌ಐ, ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯಂಥ ಸಂಸ್ಥೆಗಳಿರುವ ದೇಶಕ್ಕೆ ಶಕ್ತಿಯಿಲ್ಲ ಎಂದು ನಾನು ಒಪ್ಪುವುದಿಲ್ಲ. ಬೇಕರಿಯವನಿಗೂ ಮುಂದಿನ ಪರಿಶೀಲನೆಯ ವರ್ಷ ಮೊದಲೇ ಗೊತ್ತಿದ್ದರೆ ಅನುಕೂಲ. ಅಮೆರಿಕವೂ ಆಹಾರ ತಯಾರಕರಿಗೆ 2027ರ ಜನವರಿವರೆಗೆ ಸಮಯ ಕೊಟ್ಟಿದೆ. ಎಫ್‌ಎಸ್‌ಎಸ್‌ಎಐ ಪ್ರತಿ ಬಣ್ಣದ ಹೆಸರಿನ ಮುಂದೆ ಮಿತಿಯ ಜೊತೆಗೆ ಕೊನೆಯ ಸಲ ಪರಿಶೀಲಿಸಿದ ವರ್ಷ, ಮುಂದೆ ಪರಿಶೀಲಿಸುವ ವರ್ಷ ಎರಡನ್ನೂ ಅಚ್ಚು ಹಾಕಲಿ. ಕಾಯಿದೆಯ ಪ್ರಕಾರ ನಿಯಮಗಳ ತಿದ್ದುಪಡಿಯನ್ನು ಮೊದಲು ಕರಡಾಗಿ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. ಆ ಕರಡುಗಳಿಗೆ ಉತ್ತರ ಬರೆಯುವವರಲ್ಲಿ ತಯಾರಕರಷ್ಟೇ ಇರಬಾರದು, ಓದುಗರೂ ಬರೆಯಬೇಕು. ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳಲ್ಲಿ ಎರಿಥ್ರೋಸಿನ್‌ನ ಗುರುತು 127.