ಆಧಾರಭಾವನೆ

ಆಧಾರಭಾವನೆ (ನಾಮಪದ): ಸಾಧಿಸಿ ತೋರಿಸದೆ ಮೊದಲೇ ಒಪ್ಪಿಕೊಂಡು, ಅದರ ಮೇಲೆ ಸಿದ್ಧಾಂತವನ್ನು ಕಟ್ಟುವ ಹೇಳಿಕೆ, ಇಂಗ್ಲಿಷಿನ ಪಾಸ್ಟ್ಯುಲೇಟ್.

ಸಂಸ್ಕೃತದ 'ಧೃ' (ಹೊರು, ಹಿಡಿ) ಧಾತುವಿನಿಂದ 'ಆಧಾರ', 'ಭೂ' (ಆಗು) ಧಾತುವಿನಿಂದ 'ಭಾವನೆ' ಬಂದಿವೆ. ಆಡುಮಾತಿನಲ್ಲಿ ಆಧಾರವೆಂದರೆ ಪುರಾವೆ. ಇಲ್ಲಿ ಮಾತ್ರ ಅದು ತಳಹದಿ. ಪುರಾವೆ ಕೇಳದೆ ಒಪ್ಪಿದ್ದು. ಭಾವನೆಯೂ ಮನಸ್ಸಿನ ಅನಿಸಿಕೆಯಲ್ಲ, ಹೀಗೆಂದು ಭಾವಿಸಿಕೊಂಡದ್ದು. ಇಂಗ್ಲಿಷ್ ಪದದ ಮೂಲ ಲ್ಯಾಟಿನ್ನಿನ 'ಕೇಳಿಕೊಳ್ಳು' ಎಂಬ ಕ್ರಿಯಾಪದ. ಯೂಕ್ಲಿಡ್ ತನ್ನ ರೇಖಾಗಣಿತಕ್ಕೆ ಇಂಥ ಐದನ್ನು ಮುಂದಿಟ್ಟ.

ಭೌತವಿಜ್ಞಾನದಲ್ಲಿ ಪ್ರಸಿದ್ಧ ಉದಾಹರಣೆ 1905ರ ವಿಶಿಷ್ಟ ಸಾಪೇಕ್ಷತಾ ಸಿದ್ಧಾಂತ. ಅದರ ಆಧಾರಭಾವನೆಗಳು ಎರಡು: ಒಬ್ಬರಿಗೊಬ್ಬರು ಸಾಪೇಕ್ಷವಾಗಿ ಸಮವೇಗದಲ್ಲಿ ಚಲಿಸುವ ವೀಕ್ಷಕರೆಲ್ಲರಿಗೂ ಭೌತನಿಯಮಗಳು ಒಂದೇ, ನಿರ್ವಾತದಲ್ಲಿ ಬೆಳಕಿನ ವೇಗ, ಆಕರ ಚಲಿಸುತ್ತಿದ್ದರೂ ಬದಲಾಗದು. ಪರಮಾಣುವಿನ ಬಗ್ಗೆ 1913ರಲ್ಲಿ ಬೋರ್ ಮಂಡಿಸಿದವೂ ಇದೇ ಬಗೆಯವು. ಇವನ್ನು ನೇರವಾಗಿ ಸಾಧಿಸುವುದಿಲ್ಲ. ಇವುಗಳಿಂದ ಹೊರಟ ಫಲಿತಾಂಶ ಪ್ರಯೋಗಕ್ಕೆ ತಾಳೆಯಾದರೆ ಉಳಿಯುತ್ತವೆ.

ಭೌತವಿಜ್ಞಾನಕ್ಕೆ ಹೀಗೆ ಸಂಸ್ಕೃತ ಧಾತುಗಳಿಂದ ಕನ್ನಡ ಪದ ಕಟ್ಟುವ ಕೆಲಸಕ್ಕೆ ಬೆಂಗಳೂರಿನಲ್ಲಿ ಶತಮಾನದ ಹಿನ್ನೆಲೆಯಿದೆ. ಸೆಂಟ್ರಲ್ ಕಾಲೇಜಿನ ಭೌತವಿಜ್ಞಾನ ಅಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ 'ವಿಜ್ಞಾನ' ಮಾಸಪತ್ರಿಕೆ ಹೊರತಂದರು. ಎರಡು ವರ್ಷ ನಡೆದ ಆ ಪತ್ರಿಕೆ ಪಾರಿಭಾಷಿಕ ಪದಗಳ ಬಳಕೆಗೆ ದಾರಿ ಮಾಡಿತು.

ಸ್ವಯಂಸಿದ್ಧ, ಊಹೆ, ನಿಯಮ ಇವು ಬೇರೆ. ಸ್ವಯಂಸಿದ್ಧ ತಾನೇ ತೋರುವ ಸತ್ಯ. ಊಹೆ ಪರೀಕ್ಷೆಗೆ ಕಾದಿರುವಂಥದು. ನಿಯಮ ವೀಕ್ಷಣೆಯಿಂದ ಪಡೆದದ್ದು.